ಸಾಹೇಬರ ಗುಡ್ಡದ ಗಿಡ

ಸೋಮವಾರ ಬೆಳಿಗ್ಗೆ ಕಾರಕೂನ ಗ್ಯಾನಪ್ಪ ತನ್ನ ಮನೆಯ ಹಿತ್ತಲಿಗೆ ಹೋಗಿ ನೋಡಿದ. ಗಿಡವಿತ್ತು, ಮೊಗ್ಗಿರಲಿಲ್ಲ.

ಅದೇನು ಸಾದಾ ಗಿಡವೇ? ಕಚೇರಿಯ ಸಾಹೇಬರು ಊಟಿಯ ಗುಡ್ಡದಿಂದ ತಂದದ್ದು; ವರ್ಷವಿಡೀ ಹಸಿರು, ಹೆಸರು ಮಾತ್ರ ರೋಣದ ಯಾರ ನಾಲಿಗೆಗೂ ಹೊರಳದು. "ಇದರಾಗ ಒಂದು ಹೂ ಅರಳಿಸು, ನಿನ್ನ ಗದಗಕ್ಕ ವರ್ಗ ಮಾಡಸ್ತೀನಿ" ಎಂದಿದ್ದರು. ಗದಗಿನಲ್ಲಿ ಹಾಸಿಗೆ ಹಿಡಿದ ಮಾವನ ಆರೈಕೆಗೆ ನಿಂತ ಹೆಂಡತಿ, ಅಪ್ಪನನ್ನು ಕಂಡರೆ ಯಾರೋ ಎಂದು ಚೀರುವ ಕೂಸು. ಪಾಪ, ನಮ್ಮ ಎರೆಮಣ್ಣು ಅದಕ್ಕೆ ಆಗದೆಂದು ಗಜೇಂದ್ರಗಡದ ಗುಡ್ಡದಿಂದ ಬಸ್ಸಿನಲ್ಲಿ ಕೆಮ್ಮಣ್ಣು ಹೊತ್ತು ತಂದ, ಬಿಸಿಲು ತಾಗದಂತೆ ಒದ್ದೆ ಗೋಣಿತಟ್ಟು ಕಟ್ಟಿದ. ಕಡೆಗೂ ಒಂದು ಮೊಗ್ಗು ಬಂದಿತ್ತು. ಸಾಹೇಬರು ಈ ಸೋಮವಾರ ಸಂಜೆಯೇ ನೋಡಲು ಬರುವವರಿದ್ದರು.

"ನಾನ ಹರಕೊಂಡೇನಪಾ," ಎಂದಳು ಪಕ್ಕದ ಮನೆಯ ಮಾನವ್ವ, ಗೋಡೆಯಾಚೆಯಿಂದ. "ನಸುಕಿನ್ಯಾಗ ಅರಳಿತ್ತು. ದೇವರಿಗೆ ಹರಕೊಂಡ್ರ ಯಾರರ ಕಳವು ಅಂತಾರೇನು?"

"ಅಯ್ಯ ಯವ್ವಾ! ಎಲ್ಲೈತಿ ಅದು?"

"ಪ್ರಸಾದ ಅಂತ ಹೆರಳಿಗೆ ಮುಡಕೊಂಡು ಹಾಲು ಹಿಂಡಾಕ ಕುಂತಿದ್ದೆ. ಎಮ್ಮಿ ಕರಾ ಜಗ್ಗಿ ತಿಂದ ಬಿಡ್ತು."

"ಬಣ್ಣಾರ ಯಾವುದಿತ್ತಬೇ?"

"ಕುಂಕುಮ ಹಾಕಿದ ಮ್ಯಾಲೆ ನೋಡಿದೆ. ಕೆಂಪನ ಇತ್ತು."

ಬೆಳಗಿನ ನಮಾಜು ಮುಗಿಸಿ ಹಿತ್ತಲ ಹಿಂದಿನ ಓಣಿಯಿಂದ ಬರುವಾಗ ಹೂವನ್ನು ಕಂಡಿದ್ದ ಎದುರು ಮನೆಯ ಇಮಾಮಸಾಬ ಮಾತು ಕೇಳಿ ಬಂದು ಆಣೆ ಹಾಕಿದ: "ಬೆಳ್ಳಗ, ಹಾಲಿನಂಗಿತ್ತು ನೋಡ್ರಿ."

"ಕತ್ತಲದಾಗ ಕಂಡಾವರ ಮಾತು ಏನ ಕೇಳ್ತಿ!" ಎಂದಳು ಮಾನವ್ವ.

"ಕುಂಕುಮದಾಗ ಕಂಡಾವರದು ಕೇಳಬಹುದೇನು?" ಎಂದ ಇಮಾಮಸಾಬ.

ಕೆಂಪೋ? ಬಿಳಿಯೋ? ಕಚೇರಿಯಲ್ಲಿ ಕೂತರೂ ಗ್ಯಾನಪ್ಪನಿಗೆ ಅದೇ ಗೊಂದಲ. ಕಡೆಗೆ ಎರಡರ ನಡುವೆ ಇರಲಿ ಎಂದು, ಮನೆಗೆ ಮರಳಿ ನಸುಗೆಂಪು ಕಣಗಿಲೆಯ ಗೊಂಚಲೊಂದನ್ನು ಹಸಿರು ನೂಲಿನಿಂದ ಟೊಂಗೆಗೆ ಕಟ್ಟಿ ಸಾಹೇಬರ ದಾರಿ ಕಾಯುತ್ತ ನಿಂತ.

ಸಾಹೇಬರು ಬಂದರು, ಬಾಗಿದರು. ಅವರೂ ಆ ಹೂವನ್ನು ಜನ್ಮದಲ್ಲಿ ಕಂಡವರಲ್ಲ.

"ಥೇಟ ನಮ್ಮ ಕಣಗಲ ಹೂವಿನಂಗ ಕಾಣ್ತದಲ್ಲೋ!"

ಗ್ಯಾನಪ್ಪ ನೂಲಿನ ಗಂಟಿಗೆ ಅಂಗೈ ಅಡ್ಡ ಹಿಡಿದ. "ಹೌ... ಹೌದ್ರಿ."

"ಆದ್ರ ಎಲ್ಲಿ ಕಣಗಲ, ಎಲ್ಲಿ ಇದು! ಗುಡ್ಡದ ಹೂವಿನ ಗತ್ತ ಬ್ಯಾರೆ." ಸಾಹೇಬರು ಅವನ ಬೆನ್ನು ತಟ್ಟಿದರು. "ಖರೇ ಹೇಳ್ತೀನಿ, ಇವತ್ತ ಹೂ ಕಾಣದಿದ್ರ, ಯಾತಕ್ಕೂ ಬಾರದವ ಅಂತ ನಾಳೇನ ನಿನ್ನ ಗದಗಕ್ಕ ಅಟ್ಟಾಂವ ಇದ್ದೆ. ಇನ್ನ ಹ್ಯಾಂಗ ಬಿಡ್ಲಿ? ಊಟಿಯಿಂದ ಇನ್ನೂ ಹತ್ತು ಗಿಡ ತರಸ್ತೀನಿ, ನೀನ ನೋಡ್ಕೊ."

ನಿಜ ಹೇಳಿದರೆ ನೌಕರಿ ಹೋದೀತು, ಹೇಳದಿದ್ದರೆ ಹೆಂಡತಿ, ಕೂಸು ದೂರವೇ. ಯಾವುದು ಮೇಲೆಂದು ತಿಳಿಯದೆ ಗ್ಯಾನಪ್ಪ ಬಾಯಿ ತೆರೆದ.

"ಭಾಳ ಉಪಕಾರ ಆತ್ರಿ," ಎಂದಿತು ಆ ಬಾಯಿ.