ಹೆಣ್ಣುಮಕ್ಕಳ ಓಟದ ಬೆಳ್ಳಿ ಕಪ್

ಶಿರಸಿಯ ಜ್ಞಾನಸಂಜೀವಿನಿ ಶಾಲೆಯು ಗಂಡು ಹೆಣ್ಣು ಮಕ್ಕಳು ಕೂಡಿ ಕಲಿಯುವ ಖಾಸಗಿ ಶಾಲೆಯಾಗಿದ್ದು, ೧೯೩೬ನೆಯ ಇಸವಿಯಲ್ಲಿ ಅಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಳು ಬರುತ್ತಿದ್ದಳು.

ಬರುತ್ತಿದ್ದವಳು ಮೋಟಾರು ಸರ್ವಿಸಿನ ದಾದಾಸಾಬರ ಮಗಳು ಬದ್ರುನ್ನಿಸಾ. ಬಾರದವಳು ಶಾಲೆಯ ಅಧ್ಯಕ್ಷರಾದ ಹೇರೂರಿನ ದೇವರು ಹೆಗಡೆಯವರ ಮಗಳು ಪರಿಮಳಾ. ಇಬ್ಬರಾದರೂ ಹೆಣ್ಣುಮಕ್ಕಳಿಲ್ಲದೆ ಸರಕಾರದ ಗ್ರಾಂಟು ಬಾರದಾದ್ದರಿಂದ ಪರಿಮಳಾ ಹೇರೂರಿನಲ್ಲಿದ್ದುಕೊಂಡೇ ಶಿರಸಿಯಲ್ಲಿ ಕಲಿಯುತ್ತಿದ್ದಳು. ನಿಯಮ ಸ್ಪಷ್ಟವಿತ್ತು: ‘ಅಪ್ಪಣೆ ಪಡೆದು ಗೈರುಹಾಜರಾದವರನ್ನು ಹಾಜರೆಂದೇ ತಿಳಿಯತಕ್ಕದ್ದು.’ ಅಪ್ಪಣೆ ಕೊಡುವವರು ಅಧ್ಯಕ್ಷರು.

ಆ ವರ್ಷ ಹೆಣ್ಣುಮಕ್ಕಳ ಓಟಕ್ಕೆ ಬೆಳ್ಳಿ ಕಪ್ ಇಟ್ಟರು. ಬದ್ರುನ್ನಿಸಾಳಿಗೆ ಅದು ಬೇಕೇ ಬೇಕಿತ್ತು. ಅವಳ ದಾದಿ, ಅಂದರೆ ಅಪ್ಪನ ತಾಯಿ ಕುಬ್ರಾಬೀ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: “ಕಪ್ ತಂದ್ರೆ ಮುಂದೆ ಓದು. ಇಲ್ಲಾಂದ್ರೆ ಒಲೆ ಮುಂದೆ ಕೂತ್ಕೊ, ರೊಟ್ಟಿಯಾದ್ರೂ ಗುಂಡಗೆ ಬರ್ಲಿ.”

ಶಾಲೆಯ ಗೋಡೆಯಲ್ಲಿ ಭೂಪಟವಿತ್ತು. ಅಪ್ಪನ ಮೋಟಾರು ಯಲ್ಲಾಪುರದಾಚೆ ಹೋಗುತ್ತಿರಲಿಲ್ಲ. ಬದ್ರುನ್ನಿಸಾಳ ಬೆರಳು ಆಫ್ರಿಕಾ ಸುತ್ತಿ ಬರುತ್ತಿತ್ತು.

ಮೈದಾನದಲ್ಲಿ ಎಂದಿನಂತೆ ಅಧ್ಯಕ್ಷರ ಅಡಿಕೆ ಒಣಗುತ್ತಿತ್ತು. ನಡುವೆ ಬಿಟ್ಟ ಓಣಿಯಲ್ಲಿ ಓಟ. ಹೆಡ್‌ಮಾಸ್ತರರು ಸೀಟಿ ಊದಿದರು. ಬದ್ರುನ್ನಿಸಾ ಒಬ್ಬಳೇ ಓಡಿ, ಗೆರೆ ಮುಟ್ಟಿ, ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅದನ್ನವಳು ಗೆಲುವೆಂದು ತಿಳಿದಳು.

“ಎರಡನೇ ಸ್ಥಾನ,” ಎಂದರು ಹೆಡ್‌ಮಾಸ್ತರರು.

“ಮೊದಲು ಯಾರು ಸರ್?”

“ಪರಿಮಳಾ.”

“ಅವ್ಳು ಬಂದೇ ಇಲ್ಲ ಸರ್.”

“ಬಂದಿಲ್ಲ, ಹಾಜರಿದ್ದಾಳೆ. ನೀನು ಅಡಿಕೆ ತುಳಿದೆ. ಅವಳು ಒಂದನ್ನೂ ತುಳೀಲಿಲ್ಲ.”

ಹೆಗಡೆಯವರು ಜಜ್ಜಿದ ಅಡಿಕೆಯೊಂದನ್ನು ಎತ್ತಿ ನೋಡಿದರು. “ಯಂಗೆ ಎಂತದೂ ಬೇಜಾರಿಲ್ಲೆ ಮಾಸ್ತರ್ರೇ. ಅಡಕೆಗೆ ಪೆಟ್ಟಾಜು.” ಆಮೇಲೆ ಅಧ್ಯಕ್ಷರಾಗಿ ಕಪ್ ಕೊಟ್ಟು, ತಂದೆಯಾಗಿ ತಾವೇ ಇಸಿದುಕೊಂಡರು. ಚಪ್ಪಾಳೆಯಾಯಿತು.

ಬದ್ರುನ್ನಿಸಾ ದಾದಿಯ ಕಾಲೊತ್ತಿ ಒಂದು ವರ್ಷದ ವಾಯಿದೆ ಪಡೆದಳು. ಮರುವರ್ಷ ಓಟಕ್ಕೆ ಮುಂಚೆ ಅರ್ಜಿ ಕೊಟ್ಟಳು: ‘ಅಧ್ಯಕ್ಷರ ಅಡಿಕೆ ತುಳಿಯುವ ಭಯವಿರುವುದರಿಂದ ಗೈರುಹಾಜರಿಗೆ ಅಪ್ಪಣೆಯಾಗಬೇಕು.’ ಇಂಥ ವಿನಯ ಇತ್ತೀಚಿನ ಮಕ್ಕಳಲ್ಲಿ ಕಾಣುವುದಿಲ್ಲವೆಂದು ಹೆಗಡೆಯವರು ಸಂತೋಷದಿಂದ ಸಹಿ ಮಾಡಿದರು.

ಪರಿಮಳಾ ಮಾತ್ರ ಈ ಸಲ ಕಪ್ಪನ್ನು ತಾನೇ ಕೈಯಲ್ಲಿ ಹಿಡಿಯಬೇಕೆಂದು ಹಟಮಾಡಿ ರೇಷ್ಮೆ ಲಂಗ ಉಟ್ಟು ಬಂದಳು. ಬಂದ ಮೇಲೆ ಓಡಲೇಬೇಕಾಯಿತು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಡಿಕೆಯ ಮೇಲೆ ಜಾರಿ ಬಿದ್ದಳು. ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಬದ್ರುನ್ನಿಸಾ ಮೊದಲು ಬಂದಳು.

ಹೆಡ್‌ಮಾಸ್ತರರು ಹೆದರುತ್ತ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಮೈದಾನ ನೋಡುತ್ತಿದ್ದರು. “ಮಕ್ಕ ಎಲ್ಲ ಮನೇಲೇ ಇದ್ರೆ ಪೂರಾ ಮೈದಾನ ಅಡಕೆಗೇ ಸಿಗ್ತಲ,” ಎಂದರು. ಮರುದಿನವೇ ಪ್ರಕಟಣೆ ಹೊರಟಿತು: ‘ಗೈರುಹಾಜರಾಗಿ ಗೆದ್ದವರು ಮುಂದೆಂದಾದರೂ ಶಾಲೆಗೆ ಬಂದಲ್ಲಿ ಬಹುಮಾನವನ್ನು ಹಿಂತಿರುಗಿಸತಕ್ಕದ್ದು. ಗಂಡುಮಕ್ಕಳಿಗೂ ಇದು ಅನ್ವಯಿಸುತ್ತದೆ.’ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು, ಇಷ್ಟು ಶಿಸ್ತಿನ ಮೈದಾನವನ್ನು ಜಿಲ್ಲೆಯಲ್ಲೇ ಕಂಡಿಲ್ಲವೆಂದು ಬರೆದರು.

ಕಪ್ ಕೈಗೆ ಬಂದಾಗ ಕುಬ್ರಾಬೀ ಮಾತಿಗೆ ತಪ್ಪಲಿಲ್ಲ. “ನಾಳೆಯಿಂದ ಹೋಗು ಬೇಟಿ.”

“ಹೋದ್ರೆ ಕಪ್ ವಾಪಸ್ ಕೊಡ್ಬೇಕಂತೆ ದಾದಿ.”

“ಕಪ್ ಇಲ್ದಿದ್ರೆ ಶಾಲೆ ಇಲ್ಲ.”

“ಹೌದು.”

ನಿಯಮದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ಕುಬ್ರಾಬೀ ಕಪ್ಪಿನಲ್ಲಿ ವೀಳ್ಯದೆಲೆ ಜೋಡಿಸಿಟ್ಟಳು.

ಮರುದಿನ ಶಾಲೆಯಲ್ಲಿ ಭೂಗೋಳದ ತಾಸಿಗೆ ಬದ್ರುನ್ನಿಸಾ ಅಪ್ಪಣೆ ಪಡೆದು ಹಾಜರಿದ್ದಳು. ಮನೆಯಲ್ಲಿ ಒಲೆಯ ಮುಂದೆ ಕೂತು ಅವಳು ಲಟ್ಟಿಸಿದ ರೊಟ್ಟಿ ಥೇಟ್ ಆಫ್ರಿಕಾದ ಹಾಗೆ ಬಂದಿತ್ತು.