ಮಾವನವರ ಬಾವಿ ಮತ್ತು ನವಿಲಿನ ಕತ್ತು

ನೆಲದ ಮೇಲಿನ ವಸ್ತುಗಳೇ ನನಗೆ ಸರಿಯಾಗಿ ಕಾಣುವುದಿಲ್ಲ. ಎದುರಿಗಿದ್ದ ಉಪ್ಪಿನಕಾಯಿ ಜಾಡಿ ಕಾಣದೆ ಮೊಸರನ್ನವನ್ನು ಸಪ್ಪಗೇ ಉಂಡು ಎದ್ದವನು ನಾನು. ಇಂಥವನಿಗೆ, ಎಪ್ಪತ್ತರ ದಶಕದ ಮೊದಲಲ್ಲಿ, ನೆಲದ ಒಳಗೇನಿದೆ ಎಂದು ಹೇಳುವ ಕೆಲಸ ಸಿಕ್ಕಿತ್ತು. ಹೊಲದಲ್ಲಿ ಕಬ್ಬಿಣದ ಗೂಟ ನೆಟ್ಟು ಕರೆಂಟು ಹಾಯಿಸಬೇಕು. ಗೂಟಗಳನ್ನು ದೂರ ದೂರ ಸರಿಸುತ್ತಾ, ನೆಲ ಅದನ್ನು ಎಷ್ಟು ತಡೆಯುತ್ತದೆಂದು ಅಳೆದು, ಚೌಕಗಳು ಒಂದೇ ಅಳತೆಯಲ್ಲಿರದ ತೆಳ್ಳನೆಯ ಪಾರದರ್ಶಕ ಗ್ರಾಫ್ ಕಾಗದದ ಮೇಲೆ ಗೆರೆ ಎಳೆಯಬೇಕು. ಆ ಕಾಗದವನ್ನು ಪುಸ್ತಕದಲ್ಲಿ ಅಚ್ಚಾದ ಮಾದರಿ ಗೆರೆಗಳ ಮೇಲಿಟ್ಟು ಅತ್ತಿತ್ತ ಜರುಗಿಸಿದರೆ ಯಾವುದೋ ಒಂದಕ್ಕೆ ಕೂಡಿಕೊಳ್ಳುತ್ತದೆ. ಕೂಡಿತೆಂದರೆ ಮೇಲೆ ಮಣ್ಣು ಇಷ್ಟು, ಅದರ ಕೆಳಗೆ ನೀರು ಹಿಡಿಯುವ ಮೆದುಗಲ್ಲು ಇಷ್ಟು, ಅಡಿಯಲ್ಲಿ ಬಂಡೆ ಎಂದು ಹೇಳಿಬಿಡಬಹುದು. ಜಾತಕ ಕೂಡಿಸುವವರ ಗಾಂಭೀರ್ಯದಿಂದಲೇ ನಾನು ಇದನ್ನು ಮಾಡುತ್ತಿದ್ದೆ.

ಹೊಸಕೋಟೆ ಹತ್ತಿರದ ಸಮೇತನಹಳ್ಳಿಯ ನಮ್ಮ ಮಾವನವರು ಆಗಲೇ ಒಂದು ಬಾವಿ ತೋಡಿಸಿ, ಬರೀ ಬಂಡೆ ಕಂಡು, ಊರವರ ಮುಂದೆ ನಗೆಪಾಟಲಾಗಿದ್ದರು. ಎರಡನೆಯದಕ್ಕೆ ನನ್ನನ್ನು ನಂಬಿದ್ದರು. ಅದೂ ಒಣ ಬಾವಿಯಾದರೆ ಆ ಮನೆಯ ಹೊಸಿಲು ತುಳಿಯುವ ಮುಖ ನನಗಿರುತ್ತಿರಲಿಲ್ಲ. ಹೊಲ ಅಳೆದು ಬಂದ ಮರುವಾರ ಅವರು ದೇವನಹಳ್ಳಿಯ ನಮ್ಮ ಬಾಡಿಗೆ ಮನೆಗೇ ಬಂದು ಕೂತರು. ಮೇಜಿನ ಮೇಲಿದ್ದ ಕಾಗದವನ್ನು ಪುಸ್ತಕದ ಮೇಲಿಟ್ಟೆ. ಆಹಾ! ನನ್ನ ಸರ್ವಿಸ್ಸಿನಲ್ಲೇ ಯಾವ ಗೆರೆಯೂ ಅಷ್ಟು ಚೆಂದವಾಗಿ ಕೂಡಿರಲಿಲ್ಲ. "ಮಾವ, ಮೂವತ್ತಡಿಗೇ ನೀರು!" ಎಂದೆ. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಬಾವಿ ತೋಡುವವರನ್ನು ಗೊತ್ತುಮಾಡಲು ಬಸ್ಸಿಗೆ ಓಡಿದರು.

ಅಷ್ಟರಲ್ಲಿ ನನ್ನ ಹೆಂಡತಿ ಸಾವಿತ್ರಿ ಬಂದು, "ರೀ, ಇಲ್ಲಿಟ್ಟಿದ್ದ ನನ್ನ ನವಿಲು ಎಲ್ಲಿ?" ಎಂದಳು. ದಿಂಬಿನ ಕವರಿಗೆ ಕಸೂತಿ ಹಾಕಲು ನನ್ನ ಗ್ರಾಫ್ ಕಾಗದದಲ್ಲೇ ನವಿಲು ಬರೆಯಲು ಕೂತು, ಕತ್ತಿನವರೆಗೆ ಮುಗಿಸಿದ್ದಳಂತೆ. "ಅದೇನ್ ಕಾಗದಾನೋ! ಒಂದು ಚೌಕ ದೊಡ್ಡದು, ಒಂದು ಚಿಕ್ಕದು. ಕತ್ತು ಸೊಟ್ಟಗಾಗ್ಬಿಡ್ತು" ಎಂದು ನನ್ನನ್ನೇ ದೂರಿದಳು. ಆ ಸೊಟ್ಟ ಕತ್ತನ್ನೇ ನಾನು ಮಾವನವರ ಹೊಲವೆಂದು ಓದಿದ್ದೆ.

ನಿಜವಾದ ಕಾಗದವನ್ನೂ ಪುಸ್ತಕವನ್ನೂ ಕಂಕುಳಲ್ಲಿ ಇರುಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಪುಣ್ಯಕ್ಕೆ ಬಸ್ಸು ಹೊರಟಿರಲಿಲ್ಲ. ಮಾವನವರನ್ನು ಇಳಿಸಿ, ಟೀ ಅಂಗಡಿಯ ಬೆಂಚಿನ ಮೇಲೇ ಮತ್ತೆ ಗೆರೆ ಕೂಡಿಸಿದೆ. ಅದು ಎಲ್ಲೂ ಕೂರದೆ ಸತಾಯಿಸಿ, ಕೊನೆಗೆ ಒಲ್ಲದ ಮನಸ್ಸಿನಿಂದ ಐವತ್ತಡಿಗೆ ಒಪ್ಪಿತು.

"ಅದ್ಯಾಕೆ ಅಳಿಯಂದ್ರೆ? ಮೂವತ್ತೇ ಚೆನ್ನಾಗಿತ್ತಲ್ಲ, ಅದೇ ಇರ್ಲಿ ಬುಡಿ" ಎಂದರು ಮಾವ.

"ಅದು ನವಿಲಿನ ಕತ್ತು ಮಾವ! ಸಾವಿತ್ರಿ ಬರೆದದ್ದು."

"ನಮ್ ಸಾವಿತ್ರೀನಾ? ಅಂಗಾರೆ ಸುಳ್ಳಾಗಕಿಲ್ಲ. ಅವಳ ಕೈಗುಣ ನಂಗೊತ್ತಿಲ್ವಾ!"

ತೋಡಿಸಿದರು. ಮೂವತ್ತಡಿಗೆ ಮಣ್ಣು ಕೊಂಚ ತೇವವಾದದ್ದೇ ತಡ, "ನೋಡುದ್ರಾ ನನ್ ಮಗಳು ಹೇಳಿದ್ದು!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದರು. ಐವತ್ತರ ಹತ್ತಿರ ನೀರು ಬುಳುಬುಳು ಎಂದು ಉಕ್ಕಿತು. ನನಗೂ ಸಂತೋಷ ತಡೆಯಲಿಲ್ಲ. ಪ್ಯಾಂಟು ಮಡಚಿಕೊಂಡು ಬಾವಿಗಿಳಿದು, ಆ ಕೆಸರು ನೀರನ್ನೇ ಮುಖಕ್ಕೆ ಎರಚಿಕೊಂಡೆ. ನಾನು ಹತ್ತಿ ಬರುವಷ್ಟರಲ್ಲಿ ಮೇಲೆ, ನನ್ನ ಜೊತೆ ಬಂದಿದ್ದ ಸಾವಿತ್ರಿಗೆ ಹೂವು, ಎಲೆ ಅಡಿಕೆ ಕೊಟ್ಟು ಮರ್ಯಾದೆ ಮಾಡಿ ಮುಗಿಸಿದ್ದರು.

ಅಲ್ಲಿಂದಾಚೆ ಹೊಸಕೋಟೆ ಸೀಮೆಯಿಂದ ಬಾವಿಗೆ ಜಾಗ ಕೇಳಲು ಬಂದವರು ವರಾಂಡದಲ್ಲಿ ಗೂಟ, ತಂತಿ, ಪುಸ್ತಕಗಳ ನಡುವೆ ಕೂತಿದ್ದ ನನಗೆ ವಿನಯದಿಂದ ಕೈಮುಗಿದು, "ಅಮ್ಮಾವ್ರು ಮನೇಲವ್ರಾ ಸ್ವಾಮಿ?" ಎನ್ನುತ್ತಿದ್ದರು. ನಾನು ಎದ್ದು ಒಳಗೆ ಹೋಗಿ ಹೇಳಿಬರುತ್ತಿದ್ದೆ.