ಅಪ್ಪ ಪುಟದೊಳಗೆ ನೋಡಬೇಕು

ಸಂಗೀತ ಪತ್ರಿಕೆಯ ಎದುರುಬದುರು ಎರಡು ಪುಟಗಳನ್ನು ಹೇಗೆ ಜೋಡಿಸಬೇಕು ಎಂಬ ವಿಷಯದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕಳೆದ ಬೇಸಿಗೆಯಲ್ಲಿ ನಾನು ಘೋಷಿಸಿದ್ದೆ. ಜೋರಾಗಿ ಅಲ್ಲ, ಮನಸ್ಸಿನಲ್ಲಿ. ಜೋರಾಗಿ ಘೋಷಿಸುವ ಧೈರ್ಯವಿದ್ದಿದ್ದರೆ ನಾನು ಕಾಲೇಜನ್ನೇ ಬಿಡುತ್ತಿರಲಿಲ್ಲ. ಸೆಮಿನಾರ್ ಕೊಡಲು "ಸುರಕ್ಷಾ" ಎಂದು ಹೆಸರು ಕರೆದ ದಿನ ಹೊಟ್ಟೆನೋವೆಂದು ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದೇ ತಿಂಗಳು ಅಪ್ಪನಿಗೆ ಸ್ಟ್ರೋಕ್ ಆಯಿತು. ಮನೆಯಲ್ಲಿ ಒಬ್ಬರು ಇರಲೇಬೇಕಾಯಿತು. ನನ್ನ ಹೊಟ್ಟೆನೋವು ವಾಸಿಯಾಯಿತೇ ಎಂದು ಯಾರೂ ಕೇಳಲಿಲ್ಲ.

ಅಪ್ಪ ಧರ್ಣಪ್ಪ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ಬೆಳ್ತಂಗಡಿಯ ಚಿನ್ನಯ್ಯ ಮಾಮನ ತಂಡದಲ್ಲಿ ಅವರದು ಎರಡನೇ ಸ್ಯಾಕ್ಸೊಫೋನ್. ಮದುವೆಯಿರಲಿ, ದೇವಸ್ಥಾನವಿರಲಿ, ಚಿನ್ನಯ್ಯ ಮಾಮ ನಡುವೆ, ಅಪ್ಪ ತುದಿಗೆ. ಈಗ ಅಪ್ಪನ ಬಲಗೈ ಮಡಿಲಲ್ಲಿ ಇಟ್ಟಲ್ಲೇ ಇರುತ್ತದೆ. ವಾದ್ಯದ ಪೆಟ್ಟಿಗೆ ಮಂಚದ ಕೆಳಗೆ ಹೋಗಿದೆ. ತಂಡದವರು ನೋಡಲು ಬಂದರೆ ಅಪ್ಪ ನಿದ್ದೆ ಬಂದವರಂತೆ ಗೋಡೆಯ ಕಡೆ ಮುಖ ಮಾಡುತ್ತಾರೆ. ಮೂಡುಬಿದಿರೆಯಿಂದ ನಮ್ಮ ಪುತ್ತಿಗೆಯ ಮನೆಗೆ ಬರುವ ಫಿಸಿಯೋಥೆರಪಿಯ ಹುಡುಗಿ ವಿಸ್ಮಿತಾ ಬೆರಳು ಆಡಿಸಲು ಹೇಳಿದರೆ, ಯಾವುದಕ್ಕೆ ಎನ್ನುವ ಹಾಗೆ ಅವಳನ್ನು ನೋಡುತ್ತಾರೆ. ಮಾತು ನಿಧಾನವಾದರೂ ಬರುತ್ತದೆ. ಆದರೆ ಅಪ್ಪ ಅದನ್ನು ಬಳಸುವುದಿಲ್ಲ.

ನಾನು ವಿನ್ಯಾಸ ತಜ್ಞೆಯಾದದ್ದು ಅಪ್ಪನ ಮಂಚದ ಪಕ್ಕದಲ್ಲಿಯೇ. ಬಿ.ಸಿ.ರೋಡಿನಿಂದ ಹೊರಬರುವ 'ಸ್ವರಸಂಕ' ಎಂಬ ಸಂಗೀತ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ಅಪ್ಪ ಕೂಡಿಟ್ಟಿದ್ದರು, ಅವರ ತಂಡದ ಸುದ್ದಿ ಅದರಲ್ಲಿ ಬರುತ್ತಿತ್ತು ಎಂದು. ಒಂದು ಮಧ್ಯಾಹ್ನ ಹೊತ್ತು ಹೋಗದೆ ಅವುಗಳಲ್ಲಿ ಅಪ್ಪನನ್ನು ಹುಡುಕಿದೆ. ಒಂದು ಸಂಚಿಕೆಯಲ್ಲಿ ತಂಡದ ಸಾಲಿನ ಫೋಟೋ ಇತ್ತು. ಅಂಚು ಕತ್ತರಿಸಿ ಅಪ್ಪನ ಮೊಣಕೈ ಮಾತ್ರ ಉಳಿಸಿದ್ದರು. ಇನ್ನೊಂದರಲ್ಲಿ ಎರಡೂ ಪುಟಗಳ ಮೇಲೆ ಹರಡಿದ ದೊಡ್ಡ ಫೋಟೋ. ಅಪ್ಪ ಸರಿಯಾಗಿ ನಡುಮಡಿಕೆಗೆ ಬಂದು, ಪತ್ರಿಕೆಯ ಪಿನ್ನು ಮೂಗಿನೊಳಗಿಂದ ಹಾದುಹೋಗಿತ್ತು. ಮೂರನೆಯದರಲ್ಲಿ ಅಪ್ಪ ಪೂರ್ತಿ ಇದ್ದರು, ಆದರೆ ಲೇಖನದ ಶೀರ್ಷಿಕೆಯನ್ನು ಅವರ ಮುಖದ ಮೇಲೆಯೇ ದಪ್ಪ ಅಕ್ಷರದಲ್ಲಿ ಹೊಡೆದಿದ್ದರು. ಅಪ್ಪನ ಇಡೀ ಕಲಾಜೀವನವನ್ನು ಪತ್ರಿಕೆಗಳಿಂದ ಆಯ್ದು ಜೋಡಿಸಿದರೂ ಒಬ್ಬ ಮನುಷ್ಯ ಆಗುತ್ತಿರಲಿಲ್ಲ!

ಅಂದು ನಾನು ಭೀಷಣ ಪ್ರತಿಜ್ಞೆ ಮಾಡಿದೆ. ಅಪ್ಪನನ್ನು ಇಡಿಯಾಗಿ, ಚಂದವಾಗಿ, ಎದುರುಬದುರು ಎರಡು ಪುಟಗಳಲ್ಲಿ ಕೂರಿಸದೆ ಬಿಡುವುದಿಲ್ಲ. ತನ್ನನ್ನು ಒಮ್ಮೆ ಪೂರ್ತಿ ಕಂಡರೆ ಅಪ್ಪ ಗೋಡೆಯಿಂದ ಈ ಕಡೆ ತಿರುಗಿಯಾರು ಎಂಬುದು ನನ್ನ ಆಸೆ.

ಅಧ್ಯಯನ ಶುರುವಾಯಿತು. ಸ್ಕೇಲು ಹಿಡಿದು ಪುಟಗಳನ್ನು ಅಳೆದೆ. ಒಳ್ಳೆಯ ಪುಟ ಏಕೆ ಒಳ್ಳೆಯದು, ಕೆಟ್ಟದ್ದು ಏಕೆ ಕೆಟ್ಟದ್ದು ಎಂದು ನಾನಾಗಿಯೇ ನಿಯಮಗಳನ್ನು ಕಂಡುಕೊಂಡೆ. ಮುಖ ಮಡಿಕೆಗೆ ಬರಬಾರದು. ಅಕ್ಷರಗಳಿಗೆ ಉಸಿರಾಡಲು ಖಾಲಿ ಜಾಗ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೋದಲ್ಲಿರುವ ಮನುಷ್ಯ ಪುಟದೊಳಗೆ ನೋಡಬೇಕು. ಹೊರಗೆ ನೋಡಿದರೆ ಓದುಗನ ಕಣ್ಣೂ ಅವನ ಹಿಂದೆಯೇ ಪತ್ರಿಕೆ ಬಿಟ್ಟು ಹೊರಟುಹೋಗುತ್ತದೆ.

ಇದನ್ನು ಊಟದ ಹೊತ್ತಿಗೆ ಅಮ್ಮನಿಗೆ ಹಪ್ಪಳವನ್ನು ಫೋಟೋ ಮಾಡಿ, ಬಾಳೆಎಲೆಯನ್ನು ಪುಟ ಮಾಡಿ ವಿವರಿಸಿದೆ.

"ಕಾಲೇಜಿನಲ್ಲಿ ಬಾಯಿ ಬಿಡದವಳು ಇಲ್ಲಿ ಪಾಠ ಮಾಡ್ತಿ," ಎಂದರು ಅಮ್ಮ. ಅಮ್ಮನ ಹೆಸರು ನೀಲಾವತಿ. ಹೊಗಳುವುದು ಅವರ ಅಭ್ಯಾಸವಲ್ಲ. "ಹಪ್ಪಳ ಯಾವ ಕಡೆ ನೋಡಿದ್ರೂ ತಣ್ಣಗಾಗ್ತದೆ. ತಿನ್ನು."

'ಸ್ವರಸಂಕ'ದ ಪುಟಗಳನ್ನು ಸಿದ್ಧ ಮಾಡುವವರು ಬಿ.ಸಿ.ರೋಡಿನ ಡಿಟಿಪಿ ಅಂಗಡಿಯ ಅಶ್ರಫಣ್ಣ. ವಾರಕ್ಕೆ ಕೆಲವು ದಿನ ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಅವರಲ್ಲಿಗೆ ಕೆಲಸ ಕಲಿಯಲು ಹೋಗತೊಡಗಿದ್ದೆ. ಅಲ್ಲಿ ಮಾತಾಡಬೇಕಾಗಿಲ್ಲ, ಕಂಪ್ಯೂಟರಿಗೆ ಸೆಮಿನಾರ್ ಕೊಡಬೇಕಾಗಿಲ್ಲ. ಹೀಗಿರುವಾಗ ಚಿನ್ನಯ್ಯ ಮಾಮ ತನ್ನ ಹಳೆಯ ಜೊತೆಗಾರನ ಮೇಲೆ ಒಂದು ಲೇಖನ ಬರೆದು ಕಳಿಸಿದರು. ಹೆಸರು 'ಮತ್ತೆ ಕೇಳಬೇಕು ಈ ನಾದ'. ಆ ಜೊತೆಗಾರ ನಮ್ಮ ಅಪ್ಪ!

ಅಶ್ರಫಣ್ಣ ಮದುವೆ ಕಾರ್ಡುಗಳ ರಾಶಿಯ ಹಿಂದಿನಿಂದ ತಲೆ ಎತ್ತಿ, "ಎರಡು ಪುಟ ಉಂಟು. ಎಡಪುಟದ ಕೆಳಗೆ ಜಾಹೀರಾತು, ಅದನ್ನು ಮುಟ್ಬೇಡ. ಉಳಿದದ್ದು ನಿನ್ನ ಅಪ್ಪ, ನಿನ್ನ ಪುಟ. ಮ್ಯಾಟರ್ ಹೆಚ್ಚಾದ್ರೆ ಕೊನೆಯಿಂದ ಕತ್ತರಿಸು," ಎಂದರು. ಅಂಗಡಿಯ ಕ್ರಮವೇ ಅದು. ಉದ್ದವಾದ ಲೇಖನಕ್ಕೆ ಬಾಲದಿಂದಲೇ ಕತ್ತರಿ.

ಅಪ್ಪ ಒಬ್ಬರೇ ಇರುವ ಒಂದೇ ಒಂದು ಒಳ್ಳೆಯ ಫೋಟೋ ಮನೆಯಲ್ಲಿತ್ತು. ಬಂಟ್ವಾಳದ ಒಂದು ಮದುವೆಯಲ್ಲಿ ತೆಗೆದದ್ದು. ಬಿಳಿ ಅಂಗಿ, ತುಟಿಗೆ ಸ್ಯಾಕ್ಸೊಫೋನ್, ನೋಟ ಒಂದು ಪಕ್ಕಕ್ಕೆ. ಜಾಹೀರಾತಿನ ದೆಸೆಯಿಂದ ಫೋಟೋ ಬಲಪುಟಕ್ಕೇ ಬರಬೇಕಾಯಿತು. ಅಲ್ಲಿಟ್ಟು ನೋಡಿದರೆ ಅಪ್ಪ ತನ್ನ ಲೇಖನಕ್ಕೆ ಬೆನ್ನು ಹಾಕಿ ಹೊರಗೆ ನೋಡುತ್ತಿದ್ದಾರೆ. ಇಲ್ಲಿಯೂ ಗೋಡೆಯ ಕಡೆಗೇ!

ನಿಯಮ ಮುರಿಯುವ ಜಾತಿಯವಳು ನಾನಲ್ಲ. ಬಹಳ ಯೋಚಿಸಿದೆ. ಕಂಪ್ಯೂಟರಿನಲ್ಲಿ ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವ ಒಂದು ಗುಂಡಿ ಉಂಟು. ಒತ್ತಿದೆ. ಎಡ ಬಲವಾಯಿತು, ಬಲ ಎಡವಾಯಿತು, ಅಪ್ಪ ಥಟ್ಟನೆ ಪುಟದೊಳಗೆ ನೋಡಿದರು. ಬಹಳ ಕಾಲದ ಮೇಲೆ ಅಪ್ಪ ನನ್ನ ಮಾತು ಕೇಳಿ ಈಚೆ ತಿರುಗಿದಂತೆ ಕಂಡಿತು.

ನಾನು ಎಷ್ಟು ಜಾಗರೂಕಳು ಎಂದು ಇನ್ನು ಮುಂದೆ ತಿಳಿಯುತ್ತದೆ. ಅಂಗಿಯ ಜೇಬು ಬಲಕ್ಕೆ ಬಂದದ್ದು ನನ್ನ ಕಣ್ಣಿಗೆ ತಪ್ಪಲಿಲ್ಲ. ಅದನ್ನು ಅಳಿಸಿ ಎಡಕ್ಕೆ ಹೊಲಿದೆ. ಯಾವ ದರ್ಜಿಯೂ ಅಷ್ಟು ನಾಜೂಕಾಗಿ ಹೊಲಿಯಲಾರ. ಕೆನ್ನೆಯ ಮಚ್ಚೆ ಬದಿ ಬದಲಿಸಿತ್ತು. ಎತ್ತಿ ಸ್ವಸ್ಥಾನದಲ್ಲಿ ಪ್ರತಿಷ್ಠಾಪಿಸಿದೆ. ಬೈತಲೆಯನ್ನು ಕೂದಲು ಕೂದಲಾಗಿ ಆಚೆಗೆ ಸಾಗಿಸಿದೆ. ಅಶ್ರಫಣ್ಣ ಶಟರ್ ಎಳೆಯುವವರೆಗೆ ಬ್ರಹ್ಮನ ಕೆಲಸ ನಡೆಯಿತು.

ಲೇಖನ ಸ್ವಲ್ಪ ಹೆಚ್ಚಾಯಿತು. ಕ್ರಮದಂತೆ ಕೊನೆಯ ಪ್ಯಾರಾ ತೆಗೆದೆ. ಅದರಲ್ಲಿದ್ದದ್ದು ಅಪ್ಪನ ಕಾಯಿಲೆಯ ವಿಷಯ, ಹಾಸಿಗೆ ಹಿಡಿದ ವಿಷಯ. ನಿಜ ಹೇಳುವುದಾದರೆ, ತೆಗೆಯುವಾಗ ಬೇಸರವಾಗಲಿಲ್ಲ. ಆ ಜಾಗದಲ್ಲಿ ತಣ್ಣನೆಯ ಬಿಳಿ ಉಳಿಯಿತು. ವಿನ್ಯಾಸಕ್ಕೆ ಖಾಲಿ ಜಾಗ ಬೇಕಲ್ಲ!

ಪತ್ರಿಕೆ ಅಚ್ಚಾಗಿ ಬಂತು. ಅಮ್ಮ ಪುಟ ತೆರೆದು, ಸೆರಗಿನಿಂದ ಕೈ ಒರೆಸಿಕೊಂಡು, ಪುನಃ ತೆರೆದು ನೋಡಿದರು. "ಮನುಷ್ಯ ಕಾಣ್ತಾರೆ," ಎಂದರು. ಅಮ್ಮನ ಬಾಯಿಂದ ಇದು ರಾಜ್ಯೋತ್ಸವ ಪ್ರಶಸ್ತಿಗೆ ಸಮ. ಭಾನುವಾರ ಚಿನ್ನಯ್ಯ ಮಾಮ ಬಂದು ತಾವೇ ಅಪ್ಪನ ಕೈಗೆ ಕೊಡುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಅಪ್ಪನಿಗೆ ತೋರಿಸಬಾರದೆಂದು ಒಂದು ಪ್ರತಿಯನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು, ಉಳಿದವನ್ನು ಅಮ್ಮ ಊರಿಗೆಲ್ಲ ಹಂಚಿದರು. ಬಸ್ಸಿನ ಕಂಡಕ್ಟರನಿಗೂ ಒಂದು ಸಿಕ್ಕಿತು.

ಮೊದಲ ಫೋನು ಚಿನ್ನಯ್ಯ ಮಾಮನದು. ಲೇಖನ ಲಾಯ್ಕಾಗಿ ಬಂದಿದೆ, ಕೊನೆಯ ಪ್ಯಾರಾ ಎಲ್ಲಿಗೆ ಹೋಯಿತೋ ದೇವರೇ ಬಲ್ಲ ಎಂದು ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಕೆಮ್ಮಿದರು.

"ನೀಲಕ್ಕ, ಒಂದು ಸಣ್ಣ ವಿಷಯ. ಧರ್ಣಪ್ಪ ಎಡಚ ಆದದ್ದು ಯಾವಾಗ?"

ಅಮ್ಮ ಫೋನು ಹಿಡಿದುಕೊಂಡೇ ಹೋಗಿ ಕಪಾಟು ತೆರೆದರು. ನಾನೂ ಇಣುಕಿದೆ. ಸ್ಯಾಕ್ಸೊಫೋನಿನ ಕೀಲಿಗಳನ್ನು ಜೋಡಿಸುವುದೇ ಎಡಗೈ ಮೇಲೆ, ಬಲಗೈ ಕೆಳಗೆ ಎಂಬ ಲೆಕ್ಕದಲ್ಲಿ. ನಮ್ಮ ಪುಟದಲ್ಲಿ ಅಪ್ಪನ ಬಲಗೈ ಮೇಲಿತ್ತು, ಎಡಗೈ ಕೆಳಗಿತ್ತು. ಲೋಕದಲ್ಲಿ ಯಾರೂ ನುಡಿಸದ ರೀತಿಯಲ್ಲಿ, ಯಾವ ಅಂಗಡಿಯಲ್ಲೂ ಸಿಗದ ಒಂದು ವಾದ್ಯವನ್ನು ಅಪ್ಪ ಕಣ್ಣರಳಿಸಿ ನುಡಿಸುತ್ತಿದ್ದರು. ಜೇಬು ಮಾತ್ರ ಸರಿಯಾದ ಜಾಗದಲ್ಲಿತ್ತು!

"ಹುಟ್ಟಿದಂದಿನಿಂದ ಈ ಮನೆಯಲ್ಲಿದ್ದಿ," ಎಂದರು ಅಮ್ಮ, ಫೋನು ಇಟ್ಟ ಮೇಲೆ. "ಅವರು ನುಡಿಸುವಾಗ ನೀನು ನೋಡಿದ್ದು ಎಂತ ಮಾರಾಯ್ತಿ?"

ಅಪ್ಪ ಜಗಲಿಯಲ್ಲಿ ಅಭ್ಯಾಸಕ್ಕೆ ಕೂತರೆ ಕೇಳುವವರು ಬಂದು ಸೇರುತ್ತಿದ್ದರು. ಜನ ಬಂದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಪುಟದ ಮೇಲೆ ಸ್ಯಾಕ್ಸೊಫೋನ್ ನನಗೆ ಕಂಡದ್ದು ಓದುಗನ ಕಣ್ಣನ್ನು ಶೀರ್ಷಿಕೆಯಿಂದ ಕೆಳಗಿಳಿಸಿ ಲೇಖನಕ್ಕೆ ತಲುಪಿಸುವ ಒಂದು ಬಂಗಾರದ ಬಳುಕು, ಅಷ್ಟೇ. ಅದರ ಮೇಲೆ ಬೆರಳುಗಳಿದ್ದವು.

ಅಷ್ಟಕ್ಕೇ ನಿಂತಿದ್ದರೆ ನಗೆಪಾಟಲಿನಲ್ಲಿ ಮುಗಿಯುತ್ತಿತ್ತು. ಆದರೆ ಸ್ಯಾಕ್ಸೊಫೋನನ್ನು ಕೈ ಬದಲಿಸಿ ನುಡಿಸಲಾಗದು ಎಂದು ಓದಿದವರಿಗೆಲ್ಲ ಗೊತ್ತಿರಲಿಲ್ಲ. ಅವರು ಕಂಡದ್ದು ಇಷ್ಟು: ಶೀರ್ಷಿಕೆ 'ಮತ್ತೆ ಕೇಳಬೇಕು ಈ ನಾದ', ಕಾಯಿಲೆಯ ಸುದ್ದಿಯೇ ಇಲ್ಲ, ಕೈ ಬದಲಾಗಿದೆ. ಧರ್ಣಪ್ಪಣ್ಣ ಗುಣವಾಗಿ, ಕೈ ಬದಲಿಸಿ ನುಡಿಸುವುದನ್ನು ಕಲಿತಿದ್ದಾರಂತೆ ಎಂಬ ಸುದ್ದಿ ಸಿದ್ಧಕಟ್ಟೆಯ ಬಸ್ಸಿನಲ್ಲಿ ನನಗಿಂತ ಮೊದಲೇ ಪುತ್ತಿಗೆಗೆ ಬಂದಿಳಿಯಿತು. ಅಂಗಡಿಗೆ ಹೋದ ಅಮ್ಮನಿಗೆ ಯಾರೋ ಶುಭಾಶಯ ಹೇಳಿದರು. ಅಮ್ಮ ಹಾಲು ತೆಗೆದುಕೊಳ್ಳಲು ಮರೆತು ಬಂದರು. ವಿಸ್ಮಿತಾ ಓಡಿಬಂದು, ತಾನಿಲ್ಲದಾಗ ಅಂಕಲ್ ಏನು ವ್ಯಾಯಾಮ ಮಾಡಿದರು ಎಂದು ಪಿಸುಮಾತಿನಲ್ಲಿ ಕೇಳಿದಳು.

ಶನಿವಾರ ಅಪ್ಪನ ಹಳೆಯ ಫೋನು ಬಡಿದುಕೊಂಡಿತು. ಬುಕ್ಕಿಂಗಿನ ಫೋನದು. ಅದಕ್ಕೆ ಯಾರೂ ಕರೆ ಮಾಡದಿದ್ದರೂ ಅಮ್ಮ ದಿನವೂ ಚಾರ್ಜಿಗೆ ಇಡುತ್ತಿದ್ದರು. ಕಿವಿಗಿಟ್ಟರೆ ಕೇಳುವುದಿಲ್ಲ, ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತದೆ. ಅಪ್ಪನ ಮಂಚದ ಪಕ್ಕದ ಕಿಟಕಿಯಿಂದ ನಾನೇ ಎತ್ತಿದೆ. ಬಂಟ್ವಾಳದ ಒಬ್ಬ ಹಿರಿಯರ ಧ್ವನಿ ಕೋಣೆಯನ್ನೆಲ್ಲ ತುಂಬಿತು.

"ಪತ್ರಿಕೆ ನೋಡಿದೆ, ತುಂಬ ಸಂತೋಷ ಆಯ್ತು. ಧರ್ಣಪ್ಪಣ್ಣ ಪುನಃ ನುಡಿಸ್ತಾರಲ್ಲ, ದೊಡ್ಡ ಮಗಳ ಮದುವೆಗೆ ಅವರೇ ಬಂದದ್ದು. ಸಣ್ಣವಳಿಗೂ ಅವರೇ ಆಗ್ಬೇಕು ಅಂತ ಅವಳ ಹಟ."

ಇಲ್ಲ ಎನ್ನಬೇಕಾದವಳು ನಾನು. ಬಾಯಿ ತೆರೆದೆ. ಸೆಮಿನಾರಿನ ದಿನದ ಹಾಗೆ ಒಂದಕ್ಷರವೂ ಹೊರಗೆ ಬರಲಿಲ್ಲ. ಆ ಕಡೆಯಿಂದ "ಹಲೋ, ಹಲೋ" ಎನ್ನುತ್ತಿದ್ದರು. ಹಿಂದಿನಿಂದ ಮಂಚ ಕಿರುಗುಟ್ಟಿತು.

"ನಾನು ಧರ್ಣಪ್ಪ," ಎಂದರು ಅಪ್ಪ. ಒಂದೊಂದು ಶಬ್ದವನ್ನೂ ಎತ್ತಿ ಇಟ್ಟಂತೆ. "ನನ್ನ ಬಲಗೈ ಹೋಗಿದೆ. ನುಡಿಸುವುದಿಲ್ಲ. ಚಿನ್ನಯ್ಯನನ್ನು ಕೇಳಿ. ಮಗಳಿಗೆ ಒಳ್ಳೆಯದಾಗಲಿ."

ಮನೆಯ ಹೊರಗಿನ ಒಬ್ಬರ ಹತ್ತಿರ ಅಪ್ಪ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಆಡಿದ ಮಾತೂ ಇದೇ ಆಗಬೇಕಾಯಿತು, ನನ್ನಿಂದಾಗಿ.

ಫೋನು ಸುಮ್ಮನಾಯಿತು. ಅಪ್ಪ ಎಡಗೈ ಚಾಚಿದರು. "ಆ ಪತ್ರಿಕೆ ತಾ."

ಅಮ್ಮ ಸೀರೆಗಳ ಅಡಿಯಿಂದ ತಂದು, ಪುಟ ತೆರೆದು, ಅಪ್ಪನ ಮಡಿಲಲ್ಲಿಟ್ಟರು. ಅಪ್ಪನ ಬಲಗೈ ಪುಟದ ಅಡಿಗೆ ಸಿಕ್ಕಿಕೊಂಡಿತು. ಅಮ್ಮ ಅದನ್ನು ಎತ್ತಿ ಪಕ್ಕಕ್ಕಿಟ್ಟು ಅಡುಗೆಮನೆಯ ಕಡೆ ತಿರುಗಿದರು, ಆದರೆ ಹೋಗಲಿಲ್ಲ. ಅಪ್ಪ ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದನ್ನು ಹೇಗೆ ಮಾಡಿದ್ದು?" ಎಂದು ಕೇಳಿದರು.

ನಾನು ಎಲ್ಲವನ್ನೂ ಹೇಳಿದೆ. ಮೊಣಕೈ, ಮೂಗಿನ ಪಿನ್ನು, ಪುಟದೊಳಗೆ ನೋಡಬೇಕೆಂಬ ನಿಯಮ, ಜಾಹೀರಾತು. ಒಂದು ಗುಂಡಿ ಒತ್ತಿದರೆ ಬಲ ಎಡವಾಗುತ್ತದೆ, ಎಡ ಬಲವಾಗುತ್ತದೆ ಎಂದೆ. ನನ್ನ ಜೀವನದ ಅತಿ ಉದ್ದದ ಸೆಮಿನಾರ್ ಅದು. ಅಪ್ಪ ಪಕ್ಕದಲ್ಲಿದ್ದ ತನ್ನ ಬಲಗೈಯನ್ನು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದರು.

"ಒಂದೇ ಗುಂಡಿಯಾ? ಹಾಗಾದ್ರೆ ನನ್ನನ್ನು ಸಹ ಒಮ್ಮೆ ತಿರುಗಿಸು ಮಗಾ. ಈ ಕೈ ಏಳ್ತದಾ ನೋಡುವ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ: ಸರಿಯಾಗಿ ಯೋಚಿಸಿ, ಎರಡೂ ಬದಿ ತೂಗಿ, ತಪ್ಪಿಲ್ಲದ ಉತ್ತರ ಕೊಟ್ಟೆ.

"ಹಾಗೆ ತಿರುಗಿಸಿದ್ರೆ ಎಡಗೈ ಹೋಗ್ತದೆ ಅಪ್ಪ."

ಅಪ್ಪನ ಬಾಯಿಯ ಒಂದು ಬದಿ ನಕ್ಕಿತು. ಗೋಡೆಯ ಕಡೆ ತಿರುಗಲಿಲ್ಲ, ನನ್ನನ್ನೇ ನೋಡಿದರು.

"ಇಷ್ಟು ಆಲೋಚನೆ," ಎಂದರು, "ಪುಟ ಮಾಡುವಾಗ ಮಾಡ್ಬೇಕಿತ್ತು."